ಹಿತ್ತಿಲಿಗೆ ಬಂದ ಜೇನು

ವರದೆ ಹುಟ್ಟುವ ವರದಮೂಲದ ಸುತ್ತಿನಲ್ಲಿ ಮನೆಯೆಂದರೆ ನಾಲ್ಕು ಗೋಡೆಯಷ್ಟೇ ಅಲ್ಲ. ಅಂಗಳ, ಹಿತ್ತಿಲು, ಅದರಾಚೆಗೆ ಅಡಕೆಯ ತೋಟ, ತೋಟದ ತಲೆಗೆ ಸೊಪ್ಪಿನಬೆಟ್ಟ—ಇವೆಲ್ಲವೂ ಕೂಡಿದರೆ ಒಂದು ಮನೆ. ಇಂತಹ ಕಡೆ ಜೇನು ಬಂದು ನೆಲೆಸುವುದು ಹೊಸತೇನಲ್ಲ. ಹೊಸತೆಂದರೆ ಅದನ್ನು ಕಂಡೊಡನೆ ನಮಗಾಗುವ ದಿಗಿಲು. ನೊಣ ಯಾವುದೆಂದು ನೋಡುವ ಮೊದಲೇ ಸೂಡಿ ಹೊತ್ತಿಸುವವರುಂಟು; ಅಷ್ಟು ವ್ಯವಧಾನವಿಲ್ಲದವರು ಕೀಟನಾಶಕವನ್ನೇ ಎರಚಿಬಿಡುತ್ತಾರೆ.

ನಮ್ಮ ಹಿರಿಯರು ಇವುಗಳಿಗೆ ಬೇರೆಬೇರೆ ಹೆಸರಿಟ್ಟದ್ದು ಸುಮ್ಮನೆ ಅಲ್ಲ. ಮಿಸರಿಗೆ ಚುಚ್ಚುವ ಮುಳ್ಳೇ ಇಲ್ಲ. ಗೋಡೆಯ ಬಿರುಕಿಗೆ ಮೇಣದ ಪುಟ್ಟ ಕೊಳವೆಯಿಟ್ಟುಕೊಂಡು ತನ್ನ ಪಾಡಿಗೆ ತಾನಿರುತ್ತದೆ. ಪೊದೆಯ ಕಡ್ಡಿಗೆ ಅಂಗೈಯಗಲದ ಎರಿ ಕಟ್ಟುವ ಕೋಲುಜೇನು, ಆ ಕಡ್ಡಿಯನ್ನು ಅಲುಗಿಸದಿದ್ದರೆ ಯಾರ ಗೊಡವೆಗೂ ಬಾರದು. ಇವೆರಡರ ವಿಷಯದಲ್ಲಿ ನಾವು ಮಾಡಬೇಕಾದದ್ದು ಏನೂ ಇಲ್ಲ.

ತುಡುವೆಯ ಮಾತು ಬೇರೆ. ಅದಕ್ಕೆ ಕತ್ತಲ ಗೂಡು ಬೇಕು: ಮರದ ಪೊಟರೆ, ಹುತ್ತ, ಇಲ್ಲವೆ ನಮ್ಮ ಬಚ್ಚಲುಮನೆಯ ಜಂಬಿಟ್ಟಿಗೆಯ ಗೋಡೆ. ಅಲ್ಲಿಗೆ ಬಂದದ್ದನ್ನು, ಜೇನು ಸಾಕಿ ಬಲ್ಲ ಊರವರೊಬ್ಬರು ಒಂದು ಸಂಜೆ ಪೆಟ್ಟಿಗೆಗೆ ಇಳಿಸಿಕೊಟ್ಟರು. ತೆಂಗಿನ ನಾರಿನ ತೆಳು ಹೊಗೆ. ಮರಿಗಳಿದ್ದ ಎರಿಗಳನ್ನು ಕೊಯ್ದು ಬಾಳೆಯ ನಾರಿನಿಂದ ಚೌಕಟ್ಟಿಗೆ ಕಟ್ಟಿದರು. ರಾಣಿ ಒಳಸೇರಿದೊಡನೆ ಉಳಿದವು ತಾವಾಗಿಯೇ ಹಿಂಬಾಲಿಸಿದವು. ಪೆಟ್ಟಿಗೆಯನ್ನು ಒಮ್ಮೆಲೇ ಹಿತ್ತಿಲ ಮೂಲೆಗೆ ಒಯ್ದಿದ್ದರೆ ಮೇಯಲು ಹೋದ ನೊಣಗಳು ಹಳೆಯ ಜಾಗಕ್ಕೇ ಮರಳಿ ಅಲೆಯುತ್ತಿದ್ದವು. ಆದ್ದರಿಂದ ದಿನಕ್ಕೆ ಎರಡು ಮೂರು ಅಡಿಯಂತೆ ಸರಿಸಿದೆವು. ಇರುವೆ ಹತ್ತದಂತೆ ಕಾಲುಗಳಿಗೆ ನೀರಿನ ಬಟ್ಟಲು, ಹೂವಿಲ್ಲದ ಮಳೆಗಾಲಕ್ಕೆ ಸಕ್ಕರೆಯ ಪಾಕ. 1991-92ರಲ್ಲಿ ಥಾಯ್ ಸ್ಯಾಕ್‌ಬ್ರೂಡ್ ಎಂಬ ರೋಗ ದಕ್ಷಿಣ ಭಾರತದ ತುಡುವೆಗಳನ್ನು ಹೆಚ್ಚುಕಡಿಮೆ ಬರಿದುಮಾಡಿತ್ತು. ಗೋಡೆಗೆ ಬರುವ ತುಡುವೆ ಅಂದು ಬದುಕಿ ಉಳಿದವುಗಳ ಸಂತಾನವೆಂಬುದನ್ನು ನೆನೆದರೆ ಕೈ ತಾನಾಗಿ ತಡೆಯುತ್ತದೆ. ತುಪ್ಪದ ಲಾಭ ಅಲ್ಪ. ತೋಟದ ಏಲಕ್ಕಿ ಕಾಯಿ ಕಟ್ಟುವುದು ಮುಖ್ಯವಾಗಿ ಜೇನಿನ ಉಪಕಾರದಿಂದಲೇ.

ನಿಜವಾದ ಪರೀಕ್ಷೆ ಹೆಜ್ಜೇನಿನದು. ನಮಗೂ ಪಕ್ಕದ ಮನೆಯವರಿಗೂ ಸೇರಿದ ಕಾಲುದಾರಿಯ ಮೇಲಿನ ಬೂರುಗದ ಕೊಂಬೆಗೆ, ಮಳೆ ಕಳೆದ ಮೇಲೆ ಅದು ಬಂದು ಕಟ್ಟಿತು. ಆ ಮನೆಯ ಹಿರಿಯರಿಗೆ ಹಿಂದೊಮ್ಮೆ ಜೇನು ಕಡಿದು ಉಸಿರು ಕಟ್ಟಿ ಆಸ್ಪತ್ರೆ ಸೇರಿದ ಅನುಭವ. “ಜೇನಿನ ಮೇಲೆ ನಿನಗಿರುವ ಕರುಣೆ ಸರಿ ಮಾರಾಯ, ನನ್ನ ಉಸಿರಿಗೆ ಹೊಣೆ ಯಾರು?” ಎಂದರು. ಅವರ ಮಾತಿನಲ್ಲಿ ನ್ಯಾಯವಿತ್ತು. ಜೀವದಯೆಯ ಬೆಲೆಯನ್ನು ನೆರೆಯವನಿಂದ ತೆರಿಸುವುದು ದಯೆಯಲ್ಲ.

ಆದರೆ ಹೆಜ್ಜೇನು ನಿಂತ ನೆಲೆಯಲ್ಲಿ ವರ್ಷವಿಡೀ ನಿಲ್ಲುವ ಪ್ರಾಣಿಯಲ್ಲ. ಹೂವಿನ ಕಾಲ ಮುಗಿದು ಮಳೆ ಹತ್ತಿರವಾಗುತ್ತಲೇ ಗುಳೆ ಹೋಗುತ್ತದೆ. ಅಲ್ಲಿಯವರೆಗಿನ ಕೆಲವು ತಿಂಗಳ ಪ್ರಶ್ನೆ. ನಮ್ಮ ಹಿತ್ತಿಲ ಬೇಲಿ ತೆಗೆದು ಅವರಿಗೆ ಬೇರೆ ದಾರಿ ಬಿಟ್ಟುಕೊಟ್ಟೆವು. ಮರದ ಬಳಿ ಹೊಗೆ ಹಾಕಬಾರದು, ಕಲ್ಲು ಬೀರಬಾರದು, ರಾತ್ರಿ ಆ ಕಡೆಗೆ ದೀಪ ಉರಿಸಬಾರದು ಎಂದು ಮಕ್ಕಳಿಗೂ ಆಳುಗಳಿಗೂ ಹೇಳಿದ್ದಾಯಿತು. ಒಂದು ಕಡಿದರೆ ಆ ವಾಸನೆಗೆ ಹತ್ತು ಬರುತ್ತವೆ. ಕೈಬೀಸುತ್ತ ನಿಲ್ಲದೆ ಮನೆಯೊಳಗೆ ಸೇರಿ ಬಾಗಿಲಿಕ್ಕಿಕೊಂಡು, ಮುಳ್ಳನ್ನು ಉಗುರಿನಿಂದ ಬೇಗ ಕೆರೆದು ತೆಗೆಯಬೇಕು. ಉಸಿರಿಗೆ ತೊಂದರೆಯಾದರೆ ಮನೆಮದ್ದಿಗೆ ಕಾಯದೆ ಆಸ್ಪತ್ರೆಗೆ ಓಡಬೇಕು. ಇದೇ ಎರಿ ಶಾಲೆಯ ಬಾಗಿಲಿಗೋ ದೇವಸ್ಥಾನದ ಗೋಪುರಕ್ಕೋ ಕಟ್ಟಿದ್ದರೆ ನಾನು ಇಷ್ಟು ವಾದಿಸುತ್ತಿರಲಿಲ್ಲ. ಬಲ್ಲವರನ್ನು ಕರೆಸಿ ತೆಗೆಸಬೇಕಾಗುತ್ತಿತ್ತು.

ಮುಂಗಾರು ಗುಡುಗುವ ಮೊದಲೇ ಒಂದು ಬೆಳಗ್ಗೆ ಎರಿ ಬರಿದಾಗಿತ್ತು. ಹೆಜ್ಜೇನು ಮರಳಿ ಅದೇ ಮರಕ್ಕೆ ಬರುವುದುಂಟೆಂದು ಬಲ್ಲ ಹಿರಿಯರು, ದಾರಿಯ ಮೇಲಿನ ಆ ಕೊಂಬೆಯನ್ನು ಈಗಲೇ ಕಡಿಸೆಂದರು. ಕಡಿಸಿದೆ. ಬೆಟ್ಟದ ಕಡೆಗೆ ಚಾಚಿದ ಕೊಂಬೆಗಳು ಹಾಗೆಯೇ ಇವೆ.