ಹಂದಿ ದಿಢೀರ್ ಸತ್ತರೆ ಜ್ವರವೇ ಕಾರಣವಲ್ಲ, ಹೊಟ್ಟೆಹುಣ್ಣೂ ಇರಬಹುದು

ನಾಗ್ಪುರ: ನಿನ್ನೆಯವರೆಗೂ ಚೆನ್ನಾಗಿ ತಿನ್ನುತ್ತಿದ್ದ ಹಂದಿ ಬೆಳಗ್ಗೆ ಸತ್ತು ಬಿದ್ದಿದ್ದರೆ ಸಾಕಣೆದಾರರಿಗೆ ಮೊದಲು ನೆನಪಾಗುವುದು ಹಂದಿ ಜ್ವರ. ಆದರೆ ಮೈ ಬಿಳಚಿಕೊಂಡು, ಮಲ ಡಾಂಬರಿನಂತೆ ಕಪ್ಪಾಗಿದ್ದರೆ ಜಠರದ ಹುಣ್ಣಿನಿಂದ ರಕ್ತ ಸೋರಿರುವ ಸಾಧ್ಯತೆಯಿದೆ.

ಅನ್ನನಾಳ ಜಠರವನ್ನು ಸೇರುವ ಜಾಗದಲ್ಲಿ ಆಮ್ಲದಿಂದ ಕಾಪಾಡುವ ಲೋಳೆ ಇರುವುದಿಲ್ಲ. ಹುಣ್ಣು ಏಳುವುದು ಅಲ್ಲೇ. ತೀರಾ ನುಣ್ಣಗೆ ಬೀಸಿದ ಆಹಾರ ಹೊಟ್ಟೆಯಲ್ಲಿ ನೀರಾಗಿ ಕಲಕಿ, ಆಮ್ಲವನ್ನು ಆ ಜಾಗಕ್ಕೆ ತಾಗಿಸುತ್ತದೆ. 45 ಡಿಗ್ರಿ ದಾಟುವ ನಾಗ್ಪುರದ ಬೇಸಿಗೆಯಲ್ಲಿ ಹಂದಿಗಳು ಮೇವು ಬಿಡುತ್ತವೆ. ಖಾಲಿ ಹೊಟ್ಟೆ ಅಪಾಯ ಹೆಚ್ಚಿಸುತ್ತದೆ.

ಇದರ ಜೊತೆ ತಳುಕು ಹಾಕಿಕೊಂಡಿರುವುದು ಹೆಲಿಕೋಬ್ಯಾಕ್ಟರ್ ಸೂಯಿಸ್ ಎಂಬ ಸುರುಳಿ ಬ್ಯಾಕ್ಟೀರಿಯಾ. ಆರೋಗ್ಯವಂತ ಹಂದಿಗಳಲ್ಲೂ ಇದು ಸಿಗುವುದರಿಂದ ಎಲ್ಲ ತಪ್ಪನ್ನೂ ಇದರ ತಲೆಗೆ ಕಟ್ಟುವಂತಿಲ್ಲ. ಮನುಷ್ಯರ ಹುಣ್ಣಿಗೆ ಕಾರಣವಾಗುವ ಪೈಲೋರಿ ಇದರ ಸಂಬಂಧಿ. ಆಸ್ಟ್ರೇಲಿಯಾದ ಬ್ಯಾರಿ ಮಾರ್ಷಲ್ ಪೈಲೋರಿಯನ್ನು ಹಂದಿಮರಿಗಳಿಗೆ ತಗುಲಿಸಲು ಹೋಗಿ ಸೋತು, 1984ರಲ್ಲಿ ತಾವೇ ಕುಡಿದು ಕಾಯಿಲೆ ಬಿದ್ದರು! 2005ರಲ್ಲಿ ರಾಬಿನ್ ವಾರೆನ್ ಜೊತೆ ನೊಬೆಲ್ ಪಡೆದರು.

ಸೂಯಿಸ್ ಮನುಷ್ಯರಿಗೂ ತಗುಲಬಲ್ಲದು. ಹಂದಿ ಮುಟ್ಟಿದ ಮೇಲೆ ಸೋಪು ಹಚ್ಚಿ ಕೈ ತೊಳೆಯಬೇಕು. ಆ್ಯಂಟಿಬಯೋಟಿಕ್‌ ಒಂದನ್ನೇ ನಂಬಿದರೆ ಸಾಲದು. ಆಹಾರವನ್ನು ತುಸು ತರಿಯಾಗಿ ಬೀಸಿಸಿ, ಹೊತ್ತು ತಪ್ಪದೆ ಹಾಕಬೇಕು. ಸತ್ತ ಹಂದಿಯನ್ನು ಹೂಳುವ ಮುನ್ನ ಪಶುವೈದ್ಯರಿಂದ ಮರಣೋತ್ತರ ಪರೀಕ್ಷೆ ಮಾಡಿಸಿದರೆ, ಜ್ವರವೋ ಹುಣ್ಣೋ ತಿಳಿಯುತ್ತದೆ.