ಕೀಲಿನ ಬಾವು ಹೃದಯವನ್ನೂ ಕಾಡುತ್ತದೆ

ಬೆಳಿಗ್ಗೆ ಎದ್ದಾಗ ಬೆರಳು ಮಡಚಲು ಬರುವುದಿಲ್ಲವೇ? ಹಿಟ್ಟು ಕಲಸುವುದಿರಲಿ, ಲೋಟ ಹಿಡಿಯಲೂ ಒಂದು ಗಂಟೆ ಕಾಯಬೇಕೇ? ಎರಡೂ ಕೈಗಳ ಬೆರಳ ಗಂಟುಗಳು, ಮಣಿಕಟ್ಟುಗಳು ಊದಿಕೊಂಡಿವೆಯೇ? ಹಾಗಿದ್ದರೆ ಸಹೋದರಿಯರೇ, 'ವಾಯು ಹಿಡಿದಿದೆ' ಎಂದು ಸುಮ್ಮನಾಗಬೇಡಿ. ಇದು ರುಮಟಾಯ್ಡ್ ಆರ್ಥ್ರೈಟಿಸ್, ಅಂದರೆ ಸಂಧಿವಾತ ಆಗಿರಬಹುದು. ವಯಸ್ಸಾದಂತೆ ಮಂಡಿ ಸವೆದು ಬರುವ ನೋವು ಬೇರೆ, ಇದು ಬೇರೆ. ಗಂಡಸರಿಗಿಂತ ಹೆಂಗಸರಲ್ಲಿ ಇದು 2ರಿಂದ 3 ಪಟ್ಟು ಹೆಚ್ಚು. ಮಕ್ಕಳು ಇನ್ನೂ ಶಾಲೆಗೆ ಹೋಗುತ್ತಿರುವ ವಯಸ್ಸಿನಲ್ಲೇ ಶುರುವಾಗುವುದೂ ಉಂಟು.

ನಮ್ಮನ್ನು ಕಾಯಬೇಕಾದ ರೋಗನಿರೋಧಕ ಶಕ್ತಿಯೇ ತಪ್ಪು ತಿಳಿದು ಕೀಲಿನ ಒಳಪೊರೆಯ ಮೇಲೆ ದಾಳಿ ಮಾಡುತ್ತದೆ. ಅಲ್ಲಿ ಏಳುವ ಉರಿಯೂತ ಅಲ್ಲಿಗೇ ನಿಲ್ಲುವುದಿಲ್ಲ. ಅದು ಹುಟ್ಟಿಸುವ ರಾಸಾಯನಿಕಗಳು ರಕ್ತದಲ್ಲಿ ಸೇರಿ ಮೈಯೆಲ್ಲ ಸುತ್ತುತ್ತವೆ, ರಕ್ತನಾಳಗಳ ಒಳಗೋಡೆಯನ್ನು ಕೆಣಕುತ್ತವೆ. ಕೆಣಕಿದ ಕಡೆ ಕೊಬ್ಬು ಬೇಗ ಕಟ್ಟುತ್ತದೆ, ಕಟ್ಟಿದ್ದು ಒಡೆದು ರಕ್ತ ಹೆಪ್ಪುಗಟ್ಟುವ ಅಪಾಯವೂ ಹೆಚ್ಚು. ಹೀಗಾಗಿ ಸಂಧಿವಾತ ಇರುವವರಿಗೆ ಹೃದಯರೋಗದ ಅಪಾಯ ಇತರರಿಗಿಂತ ಸುಮಾರು ಒಂದೂವರೆ ಪಟ್ಟು. ಬೆರಳು ನೋವಿಗೂ ಎದೆನೋವಿಗೂ ಏನು ಸಂಬಂಧ ಎಂದು ಕೇಳುವವರಿಗೆ ಇದೇ ಉತ್ತರ.

ಇಲ್ಲೊಂದು ಮೋಸವಿದೆ. ಬಾವು ಜೋರಾಗಿರುವಾಗ ರಕ್ತದ ಕೊಲೆಸ್ಟ್ರಾಲ್ ಇಳಿದಂತೆ ಕಾಣುತ್ತದೆ. ರಿಪೋರ್ಟ್ ನೋಡಿ 'ಎಲ್ಲ ನಾರ್ಮಲ್' ಎಂದು ನೆಮ್ಮದಿಪಟ್ಟರೆ, ಒಳಗೆ ಅಪಾಯ ಹಾಗೆಯೇ ಇರುತ್ತದೆ. ಅದಕ್ಕೇ ಇಎಸ್‌ಆರ್, ಸಿಆರ್‌ಪಿ ಎಂಬ ಉರಿಯೂತದ ಪರೀಕ್ಷೆಗಳನ್ನೂ, ಬಿಪಿ, ಸಕ್ಕರೆಯನ್ನೂ ಜೊತೆಗಿಟ್ಟೇ ನೋಡಬೇಕು.

ಮಂಡ್ಯವಾಗಲಿ, ಮದ್ದೂರು, ಮಳವಳ್ಳಿಯಾಗಲಿ, ನೋವು ಬಂದಾಗ ನಮ್ಮ ಮೊದಲ ಓಟ ಮೆಡಿಕಲ್ ಅಂಗಡಿಗೆ. ಡೈಕ್ಲೋಫಿನಾಕ್‌ನಂಥ ಮಾತ್ರೆ ನುಂಗಿದರೆ ನೋವು ಇಳಿಯುತ್ತದೆ, ಮನೆಗೆಲಸ ಸಾಗುತ್ತದೆ. ಆದರೆ ಒಳಗೆ ಕೀಲು ಸವೆಯುವುದು ನಿಲ್ಲುವುದಿಲ್ಲ. ತಿಂಗಳುಗಟ್ಟಲೆ ನುಂಗಿದರೆ ಬಿಪಿ ಏರುತ್ತದೆ, ಮೂತ್ರಪಿಂಡಕ್ಕೆ ಪೆಟ್ಟು, ಹೃದಯಾಘಾತದ ಅಪಾಯವೂ ಹೆಚ್ಚುತ್ತದೆ. ಸಂತೆಯಲ್ಲಿ ಸಿಗುವ ಹೆಸರಿಲ್ಲದ ಪುಡಿಗಳಂತೂ ಬೇಡವೇ ಬೇಡ. ಅಂಥವುಗಳಲ್ಲಿ ಸ್ಟೀರಾಯ್ಡ್ ಬೆರೆಸಿರುವುದುಂಟು. ಒಂದೇ ವಾರದಲ್ಲಿ 'ವಾಸಿ' ಮಾಡುವ ಪುಡಿಯನ್ನು ಅನುಮಾನಿಸುವುದೇ ಒಳ್ಳೆಯದು.

ಬಾವಿನ ಮೂಲವನ್ನೇ ಹಿಡಿಯುವ ಔಷಧಿಗಳು ಬೇರೆ ಇವೆ. ಹೆಚ್ಚಾಗಿ ಕೊಡುವುದು ಮೆಥೊಟ್ರೆಕ್ಸೇಟ್. ಇದು ವಾರಕ್ಕೆ ಒಂದೇ ದಿನ ತೆಗೆದುಕೊಳ್ಳುವ ಮಾತ್ರೆ. ದಿನವೂ ನುಂಗಿದರೆ ಪ್ರಾಣಕ್ಕೇ ಅಪಾಯ. ಯಾವ ದಿನ ಎಂದು ಕ್ಯಾಲೆಂಡರಿನಲ್ಲಿ ಗುರುತು ಹಾಕಿಡಿ. ಗರ್ಭಿಣಿಯರು ಇದನ್ನು ತೆಗೆದುಕೊಳ್ಳಬಾರದು, ಮಗು ಬೇಕೆನ್ನುವವರು ಮೊದಲೇ ವೈದ್ಯರಿಗೆ ಹೇಳಬೇಕು. ಪರಿಣಾಮ ಕಾಣಲು 6ರಿಂದ 12 ವಾರ ಹಿಡಿಯುವುದರಿಂದ ಅನೇಕರು ನಡುವೆಯೇ ಬಿಟ್ಟುಬಿಡುತ್ತಾರೆ. ಬಾವು ಹತೋಟಿಯಲ್ಲಿದ್ದರೆ ಹೃದಯದ ಅಪಾಯವೂ ತಗ್ಗುತ್ತದೆ, ಹಾಗಾಗಿ ತಾಳ್ಮೆ ಬೇಕು. ದಿನವೂ ಸ್ಟೀರಾಯ್ಡ್ ತೆಗೆದುಕೊಳ್ಳುವವರು ರಮಝಾನಿನಲ್ಲಿ ಅದನ್ನು ಹಠಾತ್ತನೆ ನಿಲ್ಲಿಸಬಾರದು. ಉಪವಾಸ ಹಿಡಿಯಬಹುದೇ, ಮಾತ್ರೆಯನ್ನು ಸಹ್ರಿಗೆ ಬದಲಿಸಬಹುದೇ ಎಂದು ಕೆಲವು ವಾರ ಮೊದಲೇ ಕೇಳಿಕೊಳ್ಳಿ. ಮನೆಯ ಗಂಡಸರಿಗೂ ಒಂದು ಮಾತು: ನೀವು ಸೇದುವ ಬೀಡಿ, ಸಿಗರೇಟಿನ ಹೊಗೆ ಅವರ ಹೃದಯಕ್ಕೂ ಕೆಡುಕು.

ಮೊದಲ ತಪಾಸಣೆಗೆ ದೂರ ಹೋಗಬೇಕಿಲ್ಲ. ತಾಲೂಕು ಆಸ್ಪತ್ರೆಯಲ್ಲಿ ತೋರಿಸಿ, ಅಲ್ಲಿಂದ ಮಂಡ್ಯದ ಮಿಮ್ಸ್‌ಗೆ ಹೋಗಬಹುದು. ಹೃದಯದ ತೊಂದರೆಗೆ ಜಯದೇವ ಆಸ್ಪತ್ರೆ ಬೆಂಗಳೂರಿನಲ್ಲೂ ಮೈಸೂರಿನಲ್ಲೂ ಇದೆ. ಹೆಂಗಸರಲ್ಲಿ ಹೃದಯಾಘಾತ ಯಾವಾಗಲೂ ಎದೆ ಹಿಂಡುವ ನೋವಾಗಿಯೇ ಬರುವುದಿಲ್ಲ. ಏದುಸಿರು, ದವಡೆ ಅಥವಾ ಬೆನ್ನುನೋವು, ತಣ್ಣನೆಯ ಬೆವರು, ವಾಕರಿಕೆ, ಕಾರಣವಿಲ್ಲದ ಸುಸ್ತು ಇವಿಷ್ಟೇ ಇರಬಹುದು. 'ಗ್ಯಾಸ್ಟ್ರಿಕ್' ಎಂದು ಸೋಡಾ ಕುಡಿದು ಮಲಗಬೇಡಿ. 108ಕ್ಕೆ ಕರೆ ಮಾಡಿ. ಆಸ್ಪತ್ರೆಯಲ್ಲಿ ಸಂಧಿವಾತ ಇದೆಯೆಂದು ಹೇಳಿ, ತೆಗೆದುಕೊಳ್ಳುವ ಮಾತ್ರೆಗಳ ಚೀಟಿಯನ್ನೂ ತೋರಿಸಿ.