ರಕ್ತದ ಅಂಕಿಯೂ ರೋಗಿಯ ಸ್ಥಿತಿಯೂ

ತೀವ್ರ ನಿಗಾ ಘಟಕದಲ್ಲಿ ಮಲಗಿರುವ ರೋಗಿಯ ರಕ್ತಪರೀಕ್ಷೆಯ ವರದಿಯಲ್ಲಿ ‘ಡಿ’ ಜೀವಸತ್ತ್ವದ ಎದುರಿಗೆ ಸಣ್ಣದೊಂದು ಅಂಕಿಯೂ, ಅದರ ಪಕ್ಕದಲ್ಲಿ ‘ಕಡಮೆ’ ಎಂಬ ಗುರುತೂ ಕಂಡುಬಂದೊಡನೆ, ಹೊರಗಿನ ಬೆಂಚಿನ ಮೇಲೆ ಕಾತರದಿಂದ ಕುಳಿತ ಬಂಧುಗಳ ಮನಸ್ಸಿನಲ್ಲಿ ಒಂದು ತರ್ಕವು ತಾನಾಗಿಯೇ ಹೆಣೆದುಕೊಳ್ಳುತ್ತದೆ: ದೇಹದಲ್ಲಿ ಜೀವಸತ್ತ್ವ ಕುಂದಿದೆ, ಕುಂದಿದ್ದರಿಂದಲೇ ರೋಗ ಉಲ್ಬಣಿಸಿದೆ, ತುಂಬಿಕೊಟ್ಟರೆ ರೋಗಿ ಚೇತರಿಸಿಕೊಳ್ಳುತ್ತಾನೆ. ವೈದ್ಯರಲ್ಲಿಯೂ ಅನೇಕರು ಬಹುಕಾಲ ನೆಚ್ಚಿದ್ದ ತರ್ಕವಿದು. ಇದರ ಮೂರು ಮೆಟ್ಟಿಲುಗಳಲ್ಲಿ ಒಂದೂ ಭದ್ರವಾದುದಲ್ಲವೆಂಬುದು ಈಚಿನ ವರ್ಷಗಳ ಶ್ರಮಸಾಧ್ಯವಾದ ಪರೀಕ್ಷೆಗಳಿಂದ ತಿಳಿದುಬಂದಿದೆ.

ರಕ್ತದಲ್ಲಿ ಅಂಕಿ ಇಳಿದರೆ ದೇಹದ ಸಂಗ್ರಹವೇ ಬರಿದಾಗಿದೆಯೆಂಬುದು ಮೊದಲನೆಯ ನಂಬಿಕೆ. ಸ್ಕಾಟ್ಲೆಂಡಿನ ಗ್ಲಾಸ್ಗೋ ನಗರದಲ್ಲಿ, ಮಂಡಿಯ ಕೀಲು ಬದಲಿಸುವ ಶಸ್ತ್ರಚಿಕಿತ್ಸೆಗೆ ಬಂದವರ ರಕ್ತವನ್ನು ಚಿಕಿತ್ಸೆಗೆ ಮುನ್ನವೂ ಅನಂತರವೂ ಪರೀಕ್ಷಿಸಿದಾಗ, ಎರಡು ದಿನಗಳೊಳಗಾಗಿ ‘ಡಿ’ ಜೀವಸತ್ತ್ವದ ಪ್ರಮಾಣ ಸುಮಾರು ಶೇಕಡಾ 40ರಷ್ಟು ತಗ್ಗಿದ್ದುದು ಕಂಡುಬಂತು. ವಾರಗಟ್ಟಲೆ ದೇಹದಲ್ಲಿ ಉಳಿಯುವ ಪದಾರ್ಥವೊಂದು ಎರಡೇ ದಿನಗಳಲ್ಲಿ ಅಷ್ಟು ವ್ಯಯವಾಗಲಾರದು. ನಡೆದದ್ದು ಬೇರೆ. ಗಾಯವಾಗಲಿ, ಸೋಂಕಾಗಲಿ, ಶಸ್ತ್ರಚಿಕಿತ್ಸೆಯಾಗಲಿ ದೇಹದಲ್ಲಿ ಉರಿಯೂತವನ್ನು ಎಬ್ಬಿಸಿದಾಗ, ಯಕೃತ್ತು ತನ್ನ ನಿತ್ಯದ ಕೆಲಸವನ್ನು ಬದಿಗಿರಿಸಿ ಸಿ-ರಿಯಾಕ್ಟಿವ್ ಪ್ರೋಟೀನ್ (ಸಿ-ಆರ್‌ಪಿ) ಮುಂತಾದ ಆಪತ್ಕಾಲದ ಪ್ರೋಟೀನುಗಳ ತಯಾರಿಕೆಗೆ ತೊಡಗುತ್ತದೆ. ಜೀವಸತ್ತ್ವಗಳನ್ನು ಹೊತ್ತೊಯ್ಯುವ ವಾಹಕ ಪ್ರೋಟೀನುಗಳು ರಕ್ತದಲ್ಲಿ ಕಡಮೆಯಾಗುತ್ತವೆ. ಸೂಕ್ಷ್ಮ ರಕ್ತನಾಳಗಳ ಗೋಡೆಗಳು ಸಡಿಲಗೊಂಡು, ಅಂಥ ವಾಹಕಗಳಲ್ಲೊಂದಾದ ಆಲ್ಬುಮಿನ್ ಹೊರಕ್ಕೆ ಸೋರುತ್ತದೆ. ಸಾಲದುದಕ್ಕೆ ರಕ್ತದೊತ್ತಡವನ್ನು ಕಾಯ್ದುಕೊಳ್ಳುವುದಕ್ಕೆಂದು ಲೀಟರುಗಟ್ಟಲೆ ಏರಿಸಿದ ಸಲೈನ್ ರಕ್ತವನ್ನೇ ತೆಳುವಾಗಿಸುತ್ತದೆ. ಅಂಗಡಿಯ ಗಲ್ಲಾಪೆಟ್ಟಿಗೆಯಲ್ಲಿ ಚಿಲ್ಲರೆ ಕಡಮೆಯಾಯಿತೆಂಬ ಮಾತ್ರಕ್ಕೆ ಸಾಹುಕಾರನು ದಿವಾಳಿಯಾದನೆಂದು ಹೇಳಬರುವುದಿಲ್ಲವಷ್ಟೆ.

ಆದುದರಿಂದಲೇ ಗ್ಲಾಸ್ಗೋದ ವಿದ್ವಾಂಸರು 2012ರಲ್ಲಿ ಪ್ರಕಟಿಸಿದ ವಿಶ್ಲೇಷಣೆಯಲ್ಲಿ, ಸಿ-ಆರ್‌ಪಿ ಪ್ರಮಾಣವನ್ನು ಜೊತೆಗಿಟ್ಟುಕೊಳ್ಳದೆ ಇಂಥ ಅಂಕಿಗಳನ್ನು ಓದಲೇಬಾರದೆಂದು ಎಚ್ಚರಿಸಿದರು: ಅದು ಲೀಟರಿಗೆ 10 ಮಿಲಿಗ್ರಾಂ ದಾಟಿದರೆ ‘ಎ’ ಮತ್ತು ‘ಡಿ’ ಜೀವಸತ್ತ್ವಗಳ ಅಂಕಿಗಳೂ, 5 ದಾಟಿದರೆ ‘ಸಿ’ ಮತ್ತು ‘ಬಿ-6’ ಅಂಕಿಗಳೂ ನೆಚ್ಚಿಕೆಗೆ ಅರ್ಹವಾಗಿ ಉಳಿಯವು. ನಿಗಾ ಘಟಕದ ರೋಗಿಗಳಲ್ಲಿ ಸಿ-ಆರ್‌ಪಿ ನೂರನ್ನು ದಾಟಿರುವುದು ನಿತ್ಯದ ನೋಟ. ಇದಕ್ಕೆ ವಿಪರೀತವಾಗಿ, ‘ಬಿ-12’ರ ಅಂಕಿ ಮೇಲೇರಿದೆಯೆಂದು ಸಮಾಧಾನಪಡುವುದೂ ತಪ್ಪಾದೀತು, ಯಕೃತ್ತಿನ ಜೀವಕೋಶಗಳು ಘಾಸಿಗೊಂಡಾಗ ಅವುಗಳಲ್ಲಿದ್ದ ಸಂಗ್ರಹ ರಕ್ತಕ್ಕೆ ಹರಿದುಬಂದು ಆ ಅಂಕಿ ಏರುವುದುಂಟು.

ಇನ್ನು ಎರಡನೆಯ ಮೆಟ್ಟಿಲು. ‘ಡಿ’ ಕಡಮೆಯಿರುವ ರೋಗಿಗಳಲ್ಲಿ ಸಾವು ಹೆಚ್ಚೆಂಬುದೇನೋ ನಿಜ. ಆದರೆ ರೋಗದ ತೀವ್ರತೆಯೇ ಅಂಕಿಯನ್ನು ಇಳಿಸುತ್ತಿರುವಾಗ, ಯಾವುದು ಕಾರಣ, ಯಾವುದು ಕಾರ್ಯ ಎಂಬುದನ್ನು ಬರಿಯ ಅವಲೋಕನದಿಂದ ನಿರ್ಧರಿಸಲಾಗದು. ತುಂಬಿಕೊಟ್ಟರೆ ಚೇತರಿಕೆಯೆಂಬ ಮೂರನೆಯ ಮೆಟ್ಟಿಲನ್ನು ಪರೀಕ್ಷಿಸಲು, ಆಸ್ಟ್ರಿಯಾದ ಗ್ರಾಟ್ಸ್ ನಗರದಲ್ಲಿ 492 ರೋಗಿಗಳನ್ನು ಚೀಟಿಯೆತ್ತಿದಂತೆ ಎರಡು ಗುಂಪುಗಳಾಗಿ ವಿಂಗಡಿಸಿ, ಒಂದು ಗುಂಪಿಗೆ 5,40,000 ಮಾನದಷ್ಟು ‘ಡಿ’ಯನ್ನೂ ಮತ್ತೊಂದಕ್ಕೆ ಹುಸಿಮದ್ದನ್ನೂ ಕೊಟ್ಟು ನೋಡಿದರು. 2014ರಲ್ಲಿ ಬಂದ ಫಲಿತಾಂಶದಲ್ಲಿ ಒಟ್ಟಾರೆ ಪ್ರಯೋಜನ ಕಾಣಲಿಲ್ಲ. ಅತಿ ಕಡಮೆ ಅಂಕಿಯಿದ್ದವರಲ್ಲಿ ಮಾತ್ರ ಆಸೆಯ ಎಳೆಯೊಂದು ಗೋಚರಿಸಿತು. ಆ ಎಳೆಯನ್ನು ಹಿಡಿದು ಅಮೆರಿಕದಲ್ಲಿ ಸಾವಿರಕ್ಕೂ ಮಿಕ್ಕ, ‘ಡಿ’ ಕೊರತೆಯುಳ್ಳ ರೋಗಿಗಳಲ್ಲಿ ಅದೇ ಪ್ರಮಾಣವನ್ನು ಪರೀಕ್ಷಿಸಿದಾಗ, ತೊಂಬತ್ತು ದಿನಗಳಲ್ಲಿ ಸತ್ತವರು ಮದ್ದು ಪಡೆದವರಲ್ಲಿ ಶೇಕಡಾ 23.5, ಪಡೆಯದವರಲ್ಲಿ ಶೇಕಡಾ 20.6. ಅಂಕಿ ಏರಿತು, ಆಯುಸ್ಸು ಏರಲಿಲ್ಲ.

‘ಸಿ’ ಜೀವಸತ್ತ್ವದ ಕಥೆ ಇನ್ನೂ ಗಂಭೀರವಾದುದು, ಏಕೆಂದರೆ ಇಲ್ಲಿ ಕೊರತೆ ತೋರಿಕೆಯದು ಮಾತ್ರವೆನ್ನುವಂತಿಲ್ಲ. ಮನುಷ್ಯನ ದೇಹಕ್ಕೆ ಅದನ್ನು ತಾನೇ ತಯಾರಿಸಿಕೊಳ್ಳುವ ಶಕ್ತಿಯಿಲ್ಲ. ರಕ್ತನಂಜಿನಲ್ಲಿ ಅದು ಶೀಘ್ರವಾಗಿ ವ್ಯಯವಾಗುತ್ತದೆ. ನ್ಯೂಜಿಲೆಂಡಿನ ಕ್ರೈಸ್ಟ್‌ಚರ್ಚಿನ ನಿಗಾ ಘಟಕವೊಂದರಲ್ಲಿ, ನಿಯಮಿತ ಪ್ರಮಾಣದ ಆಹಾರ ಪಡೆಯುತ್ತಿದ್ದ ರೋಗಿಗಳಲ್ಲಿಯೂ ಅದು ತೀರ ಕುಂದಿದ್ದುದನ್ನು 2017ರಲ್ಲಿ ವರದಿ ಮಾಡಿದರು. ಅದೇ ವರ್ಷ ಅಮೆರಿಕದ ವರ್ಜೀನಿಯಾದಿಂದ, ‘ಸಿ’, ಥಯಮಿನ್, ಸ್ಟೆರಾಯ್ಡ್ ಈ ಮೂರನ್ನೂ ಕೂಡಿಸಿ ಕೊಟ್ಟ 47 ಮಂದಿಯಲ್ಲಿ ಸಾವಿನ ಪ್ರಮಾಣ ಶೇಕಡಾ 8.5ಕ್ಕೆ ಇಳಿಯಿತೆಂದೂ, ಅದಕ್ಕೆ ಹಿಂದಿನ ತಿಂಗಳುಗಳ 47 ಮಂದಿಯಲ್ಲಿ ಅದು 40.4ರಷ್ಟಿತ್ತೆಂದೂ ಸುದ್ದಿ ಬಂದಾಗ ಜಗತ್ತೇ ಪುಳಕಗೊಂಡಿತು. ಆದರೆ ನಿನ್ನೆಯ ರೋಗಿಗಳನ್ನು ಇಂದಿನ ರೋಗಿಗಳೊಡನೆ ಹೋಲಿಸುವುದು ನ್ಯಾಯವಾದ ತಕ್ಕಡಿಯಾಗದು. ಕೆನಡಾದ ವೈದ್ಯರ ನೇತೃತ್ವದಲ್ಲಿ 872 ರೋಗಿಗಳ ಮೇಲೆ ನಡೆದು 2022ರಲ್ಲಿ ಪ್ರಕಟವಾದ ಪರೀಕ್ಷೆಯಲ್ಲಿ, ‘ಸಿ’ಯನ್ನು ಹೇರಳವಾಗಿ ಪಡೆದವರಲ್ಲಿ ಶೇಕಡಾ 44.5 ಮಂದಿ ಸತ್ತರು ಅಥವಾ ಅಂಗವೈಫಲ್ಯದಿಂದ ಬಳಲುತ್ತಲೇ ಉಳಿದರು. ಪಡೆಯದವರಲ್ಲಿ ಈ ಪ್ರಮಾಣ 38.5. ಸಹಾಯವಾಗುವುದಿರಲಿ, ಕೇಡೇ ಆಯಿತು.

ನೀರಿನಲ್ಲಿ ಕರಗುವ ಜೀವಸತ್ತ್ವ ಹೆಚ್ಚಾದರೆ ಮೂತ್ರದಲ್ಲಿ ಹೊರಟುಹೋಗುತ್ತದೆ, ಅಪಾಯವೇನೂ ಇಲ್ಲ ಎನ್ನುವವರು, ನಿಗಾ ಘಟಕದ ರೋಗಿಯಲ್ಲಿ ಮೊದಲು ಸೋಲುವ ಅಂಗಗಳಲ್ಲಿ ಮೂತ್ರಪಿಂಡವೂ ಒಂದೆಂಬುದನ್ನು ಮರೆಯುತ್ತಾರೆ. ಅತಿಯಾದ ‘ಸಿ’ ದೇಹದಲ್ಲಿ ಆಕ್ಸಲೇಟಾಗಿ ಮಾರ್ಪಟ್ಟು ಅದೇ ಮೂತ್ರಪಿಂಡದಲ್ಲಿ ಹರಳುಗಟ್ಟಬಹುದು. ಅಷ್ಟೇ ಅಲ್ಲ: ಬೆರಳ ತುದಿಯಿಂದ ಒಂದು ಹನಿ ರಕ್ತ ತೆಗೆದು ಪಟ್ಟಿಗೆ ತಾಗಿಸಿ ಸಕ್ಕರೆ ನೋಡುವ ಯಂತ್ರಗಳಲ್ಲಿ ಕೆಲವು, ರಕ್ತದಲ್ಲಿ ‘ಸಿ’ ವಿಪರೀತವಾಗಿದ್ದರೆ ಅದನ್ನೂ ಸಕ್ಕರೆಯೆಂದೇ ಎಣಿಸುತ್ತವೆ. ಯಂತ್ರ ಇನ್ನೂರು ದಾಟಿದೆಯೆಂದು ತೋರಿಸಿದಾಗ ದಾದಿ ನಿಯಮದಂತೆ ಇನ್ಸುಲಿನ್ ಕೊಡುತ್ತಾಳೆ. ನಿಜವಾದ ಸಕ್ಕರೆ ಪಾತಾಳಕ್ಕಿಳಿಯುತ್ತದೆ. ಪ್ರಜ್ಞೆಯಿಲ್ಲದ ರೋಗಿಗೆ ತಲೆ ಸುತ್ತುತ್ತಿದೆಯೆಂದು ಹೇಳುವ ಬಾಯಿಲ್ಲ.

ನಮ್ಮ ಊರುಗಳಲ್ಲಿ ‘ಶಕ್ತಿಗೆ ಒಂದು ಬಾಟ್ಲಿ ಹಾಕಿ ಡಾಕ್ಟ್ರೇ’ ಎಂದು ಬೇಡಿಕೊಳ್ಳುವ ರೂಢಿಯೂ ಈ ನಂಬಿಕೆಗಳ ಬಳಗಕ್ಕೆ ಸೇರಿದುದೇ. ಬಾಟಲಿಯ ನೀರನ್ನು ಬಂಗಾರದ ಬಣ್ಣಕ್ಕೆ ತಿರುಗಿಸುವುದು ರೈಬೋಫ್ಲೇವಿನ್ ಎಂಬ ‘ಬಿ’ ಜೀವಸತ್ತ್ವ. ಅರ್ಧ ಲೀಟರ್ ಗ್ಲೂಕೋಸಿನಲ್ಲಿ ಸಾಮಾನ್ಯವಾಗಿ ಇರುವುದು 25 ಗ್ರಾಂ ಸಕ್ಕರೆ, ಅಂದರೆ ನೂರಕ್ಕೂ ಕಡಮೆ ಕ್ಯಾಲೊರಿ.

ಹಾಗಾದರೆ ಜೀವಸತ್ತ್ವಗಳೇ ವ್ಯರ್ಥವೆಂದು ಬಗೆಯುವುದು ಇನ್ನೊಂದು ತಪ್ಪು, ಬಹುಶಃ ಎಲ್ಲಕ್ಕಿಂತ ಪ್ರಾಣಾಂತಿಕವಾದುದು. ಥಯಮಿನ್, ಎಂದರೆ ‘ಬಿ-1’, ದೇಹದಲ್ಲಿ ಸಂಗ್ರಹವಾಗಿರುವುದು ಸುಮಾರು 30 ಮಿಲಿಗ್ರಾಂ ಮಾತ್ರ; ಕೆಲವೇ ವಾರಗಳಲ್ಲಿ ಅದು ತೀರುತ್ತದೆ. 1997ರಲ್ಲಿ ಅಮೆರಿಕದಲ್ಲಿ ರಕ್ತನಾಳಕ್ಕೆ ಕೊಡುವ ಜೀವಸತ್ತ್ವದ ಚುಚ್ಚುಮದ್ದಿಗೆ ಅಭಾವ ಬಂದಾಗ, ರಕ್ತನಾಳದ ಮೂಲಕವೇ ಆಹಾರ ಪಡೆಯುತ್ತಿದ್ದ ರೋಗಿಗಳ ರಕ್ತದಲ್ಲಿ ಲ್ಯಾಕ್ಟಿಕ್ ಆಮ್ಲ ಪ್ರಾಣಾಪಾಯದ ಮಟ್ಟಕ್ಕೆ ಏರಿತು. ಅದರ ಮೂಲ ಥಯಮಿನ್ನಿನ ಅಭಾವದಲ್ಲಿ ಪತ್ತೆಯಾಯಿತು. ದಿನಗಟ್ಟಲೆ ಉಪವಾಸವಿದ್ದವನಿಗೆ ಒಮ್ಮೆಲೇ ಗ್ಲೂಕೋಸ್ ಹರಿಸಿದರೆ, ಉಳಿದಿದ್ದ ಅಲ್ಪಸ್ವಲ್ಪ ಥಯಮಿನ್ನೂ ಆ ಸಕ್ಕರೆಯ ದಹನಕ್ಕೆ ವೆಚ್ಚವಾಗಿ, ಹೃದಯವೋ ಮಿದುಳೋ ಕುಸಿಯಬಹುದು. ಇಲ್ಲಿ ವರದಿಗಾಗಿ ಕಾದು ಕುಳಿತುಕೊಳ್ಳುವಂತಿಲ್ಲ. ಅನುಮಾನ ಬಂದೊಡನೆ ಗ್ಲೂಕೋಸಿಗೆ ಮುನ್ನ ಅಥವಾ ಅದರ ಜೊತೆಯಲ್ಲಿಯೇ ಅದನ್ನು ಕೊಡಬೇಕು. ಬೆಲೆ ಅಲ್ಪ, ಅಪಾಯ ಅತ್ಯಲ್ಪ.

ಆ ಅನುಮಾನ ವೈದ್ಯನಿಗೆ ಬರಬೇಕಾದರೆ ಮನೆಯವರು ಬಾಯಿಬಿಡಬೇಕು. ಮರ್ಯಾದೆಗೆ ಅಂಜಿ ಕುಡಿತದ ಸಂಗತಿಯನ್ನು ಮರೆಮಾಡುವ ಮಕ್ಕಳೂ, ‘ಚೆನ್ನಾಗಿಯೇ ಊಟ ಮಾಡುತ್ತಿದ್ದರು’ ಎಂದು ಅಭ್ಯಾಸಬಲದಿಂದ ಹೇಳಿಬಿಡುವ ಹೆಂಡತಿಯೂ ತಮಗರಿವಿಲ್ಲದೆ ಅಪಕಾರ ಮಾಡುತ್ತಾರೆ. ಎಷ್ಟು ದಿನದಿಂದ ಅನ್ನ ಸೇರಲಿಲ್ಲ, ಎಷ್ಟು ದಿನ ವಾಂತಿಯಾಯಿತು, ಎಷ್ಟು ವರ್ಷದಿಂದ ಕುಡಿತವಿದೆ, ಹೊಟ್ಟೆಯ ಶಸ್ತ್ರಚಿಕಿತ್ಸೆ ಎಂದಾದರೂ ಆಗಿತ್ತೇ ಎಂಬ ನಾಲ್ಕು ಉತ್ತರಗಳನ್ನು ದಾಖಲಾದ ಮೊದಲ ಗಂಟೆಯಲ್ಲಿಯೇ, ಕೇಳುವುದಕ್ಕೆ ಮುಂಚೆಯೇ, ಕರ್ತವ್ಯದಲ್ಲಿರುವ ವೈದ್ಯರಿಗೆ ತಿಳಿಸಿಬಿಡಿ.